ಐದು ಮಡಚು ಚಾಕು, ಒಂದು ಮಳೆಗಾಲ

ಕಳೆದ ಹನ್ನೆರಡು ವರ್ಷಗಳಲ್ಲಿ ನಾನು ಕೊಂಡ ಮಡಚುವ ಚಾಕುಗಳು ಒಟ್ಟು ಇಪ್ಪತ್ತಮೂರು. ಅವುಗಳಲ್ಲಿ ಈಗ ನನ್ನ ಬಳಿ ಉಳಿದಿರುವುದು ಐದು. ಮಿಕ್ಕವನ್ನು ನೆಂಟರಿಗೂ ತೋಟದ ಕೆಲಸಕ್ಕೆ ಬರುವವರಿಗೂ ಕೊಟ್ಟಿದ್ದೇನೆ, ಒಂದನ್ನು ಮಾತ್ರ ಯಾರ ಕೈಗೂ ಸಿಗದಂತೆ ಮುರಿದು ಗುಜರಿಗೆ ಹಾಕಿದ್ದೇನೆ. ಹೊಸದಾಗಿ ಸಂಗ್ರಹ ಆರಂಭಿಸಬೇಕೆಂದಿರುವ ಗೆಳೆಯರು ಯಾವ ಚಾಕುಗಳನ್ನು ಕೊಳ್ಳಲೇಬೇಕು ಎಂದು ಕೇಳುತ್ತಿರುವುದರಿಂದ, ಆ ಐದನ್ನು ಏಕೆ ಉಳಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಯ್ಕೆಗೆ ನಾನು ಇಟ್ಟುಕೊಂಡ ನಿಯಮಗಳು ಎರಡೇ. ಮೊದಲನೆಯದು, ಬಿಚ್ಚಿದ ಅಲಗನ್ನು ಹಿಡಿದು ನಿಲ್ಲಿಸುವ ಕ್ರಮ ಒಂದೊಂದು ಚಾಕುವಿನಲ್ಲಿ ಒಂದೊಂದು ಬಗೆಯದಾಗಿರಬೇಕು. ಏಕೆಂದರೆ ಮಡಚುವ ಚಾಕುವಿನ ಇತಿಹಾಸವೆಲ್ಲ ಆ ಒಂದು ಕೀಲಿನ ಸುತ್ತ ನಡೆದಿದೆ, ಒಂದೇ ಬಗೆಯ ಕೀಲಿನ ಹತ್ತು ಚಾಕುಗಳನ್ನು ಸಾಲಾಗಿ ಜೋಡಿಸಿಟ್ಟರೆ ಹಿಡಿಯ ಬಣ್ಣವನ್ನು ಬಿಟ್ಟು ಕಲಿಯುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಎರಡನೆಯದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿಯ ಹೊರಗಿನ ನಮ್ಮ ಅಡಿಕೆ ತೋಟದಲ್ಲಿ ಮತ್ತು ಕಾರವಾರದ ಕೋಡಿಬಾಗದಲ್ಲಿರುವ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಅದು ದಿನವೂ ಕೆಲಸ ಮಾಡಿ ತೋರಿಸಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ, ಸಮುದ್ರದ ಉಪ್ಪುಗಾಳಿ ಕಿಟಕಿಯ ಸರಳುಗಳನ್ನೇ ತಿನ್ನುವ ಊರಿನಲ್ಲಿ ಉಕ್ಕಿನ ಯೋಗ್ಯತೆ ಒಂದೇ ಮಳೆಗಾಲದಲ್ಲಿ ತಿಳಿದುಬಿಡುತ್ತದೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಚಾಕುವಿಗಿಂತ ದಿನಾ ಬಳಸಿ ಒರೆಸಿಟ್ಟ ಚಾಕುವಿಗೆ ಇಲ್ಲಿ ತುಕ್ಕು ಕಡಿಮೆ ಹಿಡಿಯುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ನೋಡುವುದಕ್ಕಷ್ಟೇ ಇಡುವ ಸಂಗ್ರಹ ನಮ್ಮ ಜಿಲ್ಲೆಗೆ ಹೊಂದುವುದಿಲ್ಲ ಎಂದೇ ನಾನು ತಿಳಿದಿದ್ದೇನೆ.

ಮೊದಲು ಕೊಳ್ಳಬೇಕಾದದ್ದು ಫ್ರಾನ್ಸಿನ ಒಪಿನೆಲ್, ಅದರಲ್ಲಿಯೂ 8ನೆಯ ಸಂಖ್ಯೆಯದು. ಆಲ್ಪ್ಸ್ ಪರ್ವತದ ತಪ್ಪಲಿನ ಸವಾಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ ಎಂಬ ಯುವಕ 1890ರಲ್ಲಿ ರೈತರ ಕಿಸೆಗೆಂದು ಈ ಚಾಕುವನ್ನು ರೂಪಿಸಿದನು. 1897ರಲ್ಲಿ ಅದಕ್ಕೆ 1ರಿಂದ 12ರವರೆಗೆ ಗಾತ್ರದ ಸಂಖ್ಯೆಗಳು ಬಂದವು, ಮುಂದೆ 1 ಮತ್ತು 11 ನಿಂತುಹೋದವು. 8ನೆಯದರ ಅಲಗಿನ ಉದ್ದ ಎಂಟೂವರೆ ಸೆಂಟಿಮೀಟರ್. ಹಿಡಿ ಬೀಚ್ ಮರದ್ದು, ಒಳಗೆ ಸ್ಪ್ರಿಂಗು ಇಲ್ಲ, ಅಲಗು ಒಂದೇ ಕೀಲಿನ ಸುತ್ತ ತಿರುಗುತ್ತದೆ. 1955ರಲ್ಲಿ ಸೇರಿದ ಉಕ್ಕಿನ ಬಳೆಯೇ ಇದರ ಬೀಗ. ಅಲಗನ್ನು ಬಿಚ್ಚಿ ಹಿಡಿಯ ಕುತ್ತಿಗೆಯಲ್ಲಿರುವ ಬಳೆಯನ್ನು ಹೆಬ್ಬೆರಳಿನಿಂದ ಸ್ವಲ್ಪ ತಿರುಗಿಸಿದರೆ, ಬಳೆಯಲ್ಲಿರುವ ಸೀಳು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ತಡೆ ಬೀಳುತ್ತದೆ. ಇಷ್ಟು ಕಡಿಮೆ ಬಿಡಿಭಾಗಗಳಲ್ಲಿ ಇಷ್ಟು ಭದ್ರವಾದ ಬೀಗವನ್ನು ನಾನು ಬೇರೆಲ್ಲಿಯೂ ನೋಡಿಲ್ಲ. ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಕಣ್ಣಿಗೇ ಕಾಣುವ ರಚನೆ ಇದು.

ಒಪಿನೆಲ್ ಕೊಳ್ಳುವಾಗ ತುಕ್ಕು ಹಿಡಿಯದ ಉಕ್ಕಿನದೋ, ಇಂಗಾಲದ ಉಕ್ಕಿನದೋ ಎಂಬ ಪ್ರಶ್ನೆ ಏಳುತ್ತದೆ. ಮಳೆ ನಾಡಿನವರು ತುಕ್ಕು ಹಿಡಿಯದ್ದನ್ನೇ ಕೊಳ್ಳಿ ಎಂದು ಹೇಳುವುದು ಸುಲಭ. ಆದರೆ ಸಂಗ್ರಹದ ಮಟ್ಟಿಗೆ ನಾನು ಇಂಗಾಲದ ಉಕ್ಕನ್ನೇ ಶಿಫಾರಸು ಮಾಡುತ್ತೇನೆ, ಅದಕ್ಕೆ ಕಾರಣ ನಮ್ಮ ಅಡಿಕೆ. ಹೊಸ ಅಲಗು ಕನ್ನಡಿಯಂತೆ ಬೆಳ್ಳಗಿರುತ್ತದೆ. ಅದರಿಂದ ಒಂದು ಹಸಿ ಅಡಿಕೆಯನ್ನು ಎರಡು ಹೋಳು ಮಾಡಿ, ಒರೆಸದೆ ಎರಡು ನಿಮಿಷ ಬಿಟ್ಟು ನೋಡಬೇಕು. ಚೊಗರು ತಾಗಿದ ಕಡೆಯಲ್ಲಿ ಮೊದಲು ತೆಳು ಹಳದಿ, ಬಳಿಕ ನೇರಳೆ, ಕೊನೆಗೆ ಮಸಿಯಂಥ ನೀಲಿಗಪ್ಪು ಹರಡುತ್ತ ಹೋಗುತ್ತದೆ. ಅಡಿಕೆಯ ಹೋಳಿನ ಮೇಲೂ ಅದೇ ಕಪ್ಪು ಗೆರೆ ಮೂಡುತ್ತದೆ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿದಾಗ ಹುಟ್ಟುವ ಬಣ್ಣ ಅದು, ಹಿಂದೆ ಅಳಲೆಕಾಯಿಯಿಂದ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಒಂದು ಕೊಯ್ಲಿನ ಕಾಲದಲ್ಲಿ ಅಡಿಕೆ, ಮಾವಿನ ಮಿಡಿ, ಮುರುಗಲು ಹಣ್ಣು ಎಲ್ಲವನ್ನೂ ಹೆಚ್ಚಿದ ನನ್ನ ಅಲಗಿನ ಮೇಲೆ ಮೋಡ ಕವಿದಂತೆ ಬೂದುನೀಲಿ ಪದರ ಕೂತಿದೆ, ಆ ಪದರ ಬಂದ ಮೇಲೆ ಕೆಂಪು ತುಕ್ಕು ತೀರಾ ಕಡಿಮೆಯಾಗಿದೆ. ಸೊನೆ ತಾಗಿದ ಅಲಗನ್ನು ಹಾಗೆಯೇ ಮಡಚಿಡಬಾರದು, ತೊಳೆದು ಒಣಬಟ್ಟೆಯಿಂದ ಒರೆಸಲೇಬೇಕು. ಆದರೆ ಕಪ್ಪಾಯಿತೆಂದು ಬೂದಿ ಹಾಕಿ ತಿಕ್ಕುವುದು ಬೇಡ.

ಬೀಚ್ ಮರ ನೀರು ಹೀರಿ ಉಬ್ಬುವ ಜಾತಿಯದು. ಉಬ್ಬಿದ ಹಿಡಿ ಅಲಗನ್ನು ಕಚ್ಚಿ ಹಿಡಿದು, ಉಗುರು ಸಿಕ್ಕಿಸಿ ಎಳೆದರೂ ಬಿಚ್ಚಲು ಬಿಡುವುದಿಲ್ಲ. ಬೀಗದ ಬಳೆಯನ್ನು ತೆರೆದು, ಹಿಡಿಯ ಹಿಂತುದಿಯನ್ನು ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ ಅಲಗಿನ ಮೊನೆಯನ್ನು ಹೊರಗೆ ಬರಿಸುವ ಉಪಾಯ ಸವಾಯ್ ಸೀಮೆಯವರಲ್ಲಿ ಹಿಂದಿನಿಂದಲೂ ಇದೆ. ನಮ್ಮ ಮಳೆಗೆ ಅಷ್ಟು ಸಾಲದು. ಮೇ ತಿಂಗಳ ಬಿಸಿಲಿನಲ್ಲಿ ಹಿಡಿಯನ್ನು ಚೆನ್ನಾಗಿ ಒಣಗಿಸಿ, ಅಗಸೆ ಎಣ್ಣೆಯನ್ನು ತೆಳುವಾಗಿ ಮೂರು ನಾಲ್ಕು ಸಲ ಹಚ್ಚಿ, ಪ್ರತಿಸಲವೂ ಒಂದು ದಿನ ಆರಲು ಬಿಡಬೇಕು. ಅಲಗು ಕೂರುವ ಸೀಳಿನ ಒಳಗೂ ಎಣ್ಣೆ ಇಳಿಯಬೇಕು. ತೆಂಗಿನೆಣ್ಣೆ ಈ ಕೆಲಸಕ್ಕೆ ಬಾರದು, ಅದು ಮರದ ಮೇಲೆ ಗಟ್ಟಿ ಪದರವಾಗಿ ಒಣಗುವುದಿಲ್ಲ, ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ.

ಎರಡನೆಯದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್. ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಖ್ ಎಂಬಲ್ಲಿ ಕಾರ್ಯಾಗಾರ ತೆರೆದು, 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಮೊದಲ ಚಾಕುಗಳನ್ನು ಒದಗಿಸಿದನು. 1909ರಲ್ಲಿ ತೀರಿಕೊಂಡ ತಾಯಿ ವಿಕ್ಟೋರಿಯಾಳ ಹೆಸರನ್ನು ಅವನು ತನ್ನ ಸರಕಿಗೆ ಇಟ್ಟನು. ತುಕ್ಕು ಹಿಡಿಯದ ಉಕ್ಕಿಗೆ ಫ್ರೆಂಚಿನಲ್ಲಿರುವ ಇನಾಕ್ಸ್ ಎಂಬ ಹೆಸರು 1921ರಲ್ಲಿ ಅದಕ್ಕೆ ಕೂಡಿಕೊಂಡಿತು. ಅಂಗಡಿಯಲ್ಲಿ ಎಲ್ಲರ ಕಣ್ಣು ಹೋಗುವುದು ಕೆಂಪು ಪ್ಲಾಸ್ಟಿಕ್ ಹಿಡಿಯ ಹತ್ತಾರು ಉಪಕರಣಗಳ ದಪ್ಪ ಚಾಕುಗಳ ಮೇಲೆ. ಅವುಗಳನ್ನು ಬಿಟ್ಟು, ಅಲ್ಯೂಮಿನಿಯಂ ಹಿಡಿಯ ಫಾರ್ಮರ್ ಆಲಾಕ್ಸ್ ಎಂಬುದನ್ನು ಕೊಳ್ಳಬೇಕೆಂದು ನನ್ನ ಸಲಹೆ. ಮಡಚಿದಾಗ ಉದ್ದ 93 ಮಿಲಿಮೀಟರ್. ಒಂದು ಅಲಗು, ಒಂದು ಗರಗಸ, ದಬ್ಬಳ, ಡಬ್ಬಿ ತೆರೆಯುವುದು, ಬಾಟಲಿ ತೆರೆಯುವುದು, ಇಷ್ಟೇ. ಹಿಡಿಯ ಮೇಲಿನ ಸಣ್ಣ ಸಣ್ಣ ಉಬ್ಬುಗಳಿಂದಾಗಿ ಒದ್ದೆ ಕೈಯಲ್ಲಿಯೂ ಹಿಡಿತ ತಪ್ಪುವುದಿಲ್ಲ. ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಮರದ ಹೆಬ್ಬೆರಳು ಗಾತ್ರದ ಕೊಂಬೆಯನ್ನು ಈ ಗರಗಸ ಅರ್ಧ ನಿಮಿಷದೊಳಗೆ ಕೊಯ್ಯುತ್ತದೆ, ಅದರ ಹಲ್ಲುಗಳು ನಾಲ್ಕು ವರ್ಷಗಳಲ್ಲಿ ಮೊಂಡಾಗಿಲ್ಲ.

ಇದರಲ್ಲಿ ಬೀಗವಿಲ್ಲ. ಬೆನ್ನಿನ ಸ್ಪ್ರಿಂಗು ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಬಲವಾಗಿ ದೂಡಿದರೆ ಅಲಗು ಮಡಚಿಕೊಳ್ಳುತ್ತದೆ. ಅದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ನನಗೆ ಅದು ಕೈಗೆ ಶಿಸ್ತು ಕಲಿಸುವ ಗುಣವೆಂದು ತೋರುತ್ತದೆ. ಅಲಗಿನ ಹರಿತವಾದ ಬಾಯಿಯ ಕಡೆಗೆ ಮಾತ್ರ ಒತ್ತಡ ಹಾಕಬೇಕು, ಮೊನೆಯಿಂದ ಚುಚ್ಚಿ ಮೀಟಬಾರದು ಎಂಬ ಪಾಠವನ್ನು ಇಂಥ ಚಾಕುವಿನಿಂದ ಕಲಿತವರು ಬೀಗದ ಚಾಕುವನ್ನೂ ಸರಿಯಾಗಿಯೇ ಬಳಸುತ್ತಾರೆ. ಅಲಗಿನ ಗಡಸು ರಾಕ್‌ವೆಲ್ ಮಾನದಲ್ಲಿ 56ರ ಆಸುಪಾಸು, ಅಂದರೆ ತುಸು ಮೆದುವಾಗಿಯೇ ಇರುವುದರಿಂದ ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ನಮ್ಮ ಆಯಿ ಇದನ್ನು ಬಸಳೆ ಸೋಸಲು ತೆಗೆದುಕೊಂಡು, "ಇದು ಚೊಲೋ ಇದ್ದು ತಮಾ, ಕೈಯಲ್ಲಿ ಜಾರ್ತಿಲ್ಲೆ" ಎಂದವರು ಎರಡು ವಾರ ಹಿಂದಿರುಗಿಸಲಿಲ್ಲ. ಇಳಿಗೆಮಣೆಯ ಮೇಲೆ ಅರವತ್ತು ವರ್ಷ ಕೈ ಪಳಗಿಸಿಕೊಂಡವರು ಕೊಟ್ಟ ಈ ಅಭಿಪ್ರಾಯಕ್ಕೆ ನಾನು ಬೆಲೆ ಕೊಡುತ್ತೇನೆ.

ಮೂರನೆಯದು ಜಪಾನಿನ ಹಿಗೊನೊಕಾಮಿ. ಹ್ಯೋಗೊ ಪ್ರಾಂತ್ಯದ ಮಿಕಿ ಎಂಬ ಉಪಕರಣಗಳ ಪಟ್ಟಣದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಟ್ಟಿದ ಇದು, ಒಂದು ಕಾಲಕ್ಕೆ ಅಲ್ಲಿನ ಶಾಲಾಮಕ್ಕಳು ಪೆನ್ಸಿಲ್ ಹೆರೆಯಲು ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದ ಚಾಕು. ಮಡಚಿದ ಹಿತ್ತಾಳೆ ತಗಡೇ ಹಿಡಿ. ಬೀಗವೂ ಇಲ್ಲ, ಸ್ಪ್ರಿಂಗೂ ಇಲ್ಲ. ಅಲಗಿನ ಬುಡದಿಂದ ಹೊರಟ ಒಂದು ಚಿಕ್ಕ ಬಾಲವನ್ನು ಹೆಬ್ಬೆರಳು ಒತ್ತಿ ಹಿಡಿದಿರುವವರೆಗೆ ಅಲಗು ನಿಲ್ಲುತ್ತದೆ. ಇದರ ಉತ್ತಮ ದರ್ಜೆಯ ಅಲಗುಗಳಲ್ಲಿ ಗಡಸು ಉಕ್ಕಿನ ತೆಳು ಪಟ್ಟಿಯ ಎರಡು ಬದಿಗೂ ಮೆದು ಕಬ್ಬಿಣ ಬೆಸೆದಿರುತ್ತದೆ; ಮಸೆದಾಗ ಬಾಯಿಯ ಹತ್ತಿರ ಆ ಎರಡು ಲೋಹಗಳ ಗಡಿ ಅಲೆಯಂಥ ಗೆರೆಯಾಗಿ ಕಾಣುತ್ತದೆ. ಕಬ್ಬಿಣದ ನಡುವೆ ಉಕ್ಕು ಬೆಸೆಯುವ ವಿದ್ಯೆ ನಮ್ಮ ಆಚಾರಿಗಳ ಕುಲುಮೆಗೂ ಗೊತ್ತಿದ್ದದ್ದೇ ಆದ್ದರಿಂದ, ಈ ಗೆರೆಯನ್ನು ಬೆಳಕಿಗೆ ಹಿಡಿದು ನೋಡುವಾಗ ನನಗೆ ಮನೆಯ ಹಳೆಯ ಕತ್ತಿಯೇ ನೆನಪಾಗುತ್ತದೆ. ಮಳೆಗಾಲದ ಪರೀಕ್ಷೆಯಲ್ಲಿ ಐದರಲ್ಲಿ ಅತಿ ಕಡಿಮೆ ಅಂಕ ಪಡೆದದ್ದು ಇದೇ. ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಕಿಲುಬು, ಎರಡೂ ಬಂದವು. ಕಿಲುಬನ್ನು ಹುಣಸೆಹಣ್ಣು ತಿಕ್ಕಿ ತೆಗೆಯಬಹುದು, ಆದರೆ ಆ ಹುಳಿ ಕೀಲಿನೊಳಗೆ ಉಳಿದರೆ ಉಕ್ಕನ್ನು ತಿನ್ನುವುದರಿಂದ ಬಿಸಿನೀರಿನಲ್ಲಿ ತೊಳೆದು ಒಲೆಯ ಬದಿಯಲ್ಲಿಟ್ಟು ಒಣಗಿಸಬೇಕಾಗುತ್ತದೆ. ಇಷ್ಟಾದರೂ ಬೆಲೆಯ ದೃಷ್ಟಿಯಿಂದಲೂ ಹರಿತದ ದೃಷ್ಟಿಯಿಂದಲೂ ಇದನ್ನು ಬಿಡಲು ನನಗೆ ಮನಸ್ಸಿಲ್ಲ.

ನಾಲ್ಕನೆಯದನ್ನು ಆರಿಸಲು ಎರಡು ವರ್ಷ ಹಿಡಿಯಿತು. ಹಿಡಿಯ ಬೆನ್ನಿನಲ್ಲಿ ಬೀಗವಿರುವ ಚಾಕು ಒಂದು ಬೇಕೇ ಬೇಕು. ಈ ಬಗೆಯನ್ನು ಲೋಕಪ್ರಿಯಗೊಳಿಸಿದ್ದು ಅಮೆರಿಕದ ಬಕ್ ಕಂಪನಿ 1960ರ ದಶಕದಲ್ಲಿ ಹೊರತಂದ 110. ಹಿತ್ತಾಳೆಯ ತುದಿಗಳು, ಕರಿಮರದ ಹಿಡಿ, ಒಂಬತ್ತೂವರೆ ಸೆಂಟಿಮೀಟರಿನ ಅಲಗು ಎಲ್ಲವೂ ಸೇರಿ ನೋಡಲು ಇದರಷ್ಟು ಗಂಭೀರವಾದ ಚಾಕು ಬೇರೆ ಇಲ್ಲ. ತೂಕ ಮಾತ್ರ ಇನ್ನೂರು ಗ್ರಾಮಿನ ಆಸುಪಾಸು. ಲುಂಗಿಯ ಮಡಿಲಲ್ಲಿಯೂ ನಿಲ್ಲದು, ಅಂಗಿಯ ಕಿಸೆಯಲ್ಲಿಯೂ ನಿಲ್ಲದು, ಚರ್ಮದ ಒರೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಚರ್ಮವೋ, ನಮ್ಮ ಜುಲೈ ತಿಂಗಳಲ್ಲಿ ಬೂಷ್ಟು ಹಿಡಿದು ತೇವವನ್ನು ಅಲಗಿಗೇ ಹಾಯಿಸುತ್ತದೆ. ಒಣನಾಡಿನ ಸಂಗ್ರಾಹಕರು 110 ಅನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಕರಾವಳಿಯವರಿಗೆ ನಾನು ಹೇಳುವುದು ಸ್ಪೈಡರ್ಕೊ ಕಂಪನಿಯ ಸಾಲ್ಟ್ ಸರಣಿಯಲ್ಲಿ ಬೆನ್ನಿನ ಬೀಗವಿರುವುದನ್ನು.

ಸ್ಪೈಡರ್ಕೊ 1981ರಲ್ಲಿಯೇ ಅಲಗಿನಲ್ಲಿ ದುಂಡು ತೂತು ಕೊರೆದು ಒಂದೇ ಕೈಯಿಂದ ಬಿಚ್ಚುವ ಅನುಕೂಲವನ್ನೂ ಕಿಸೆಗೆ ಸಿಕ್ಕಿಸುವ ಕ್ಲಿಪ್ಪನ್ನೂ ತಂದ ಕಂಪನಿ. ಸಾಲ್ಟ್ ಸರಣಿಯನ್ನು ಅದು ಹೆಸರೇ ಹೇಳುವಂತೆ ಉಪ್ಪುನೀರಿನ ಕೆಲಸಕ್ಕೆಂದು ಮಾಡಿದೆ. ನನ್ನ ಸಾಲ್ಟ್ ಚಾಕುವಿನ ಎಲ್‌ಸಿ 200 ಎನ್ ಎಂಬ ಉಕ್ಕಿನಲ್ಲಿ ಇಂಗಾಲವನ್ನು ತಗ್ಗಿಸಿ ಸಾರಜನಕವನ್ನು ಸೇರಿಸಿರುವುದರಿಂದ, ತುಕ್ಕು ತಡೆಯಬೇಕಾದ ಕ್ರೋಮಿಯಂ ಇಂಗಾಲದೊಡನೆ ಕೂಡಿ ವ್ಯರ್ಥವಾಗದೆ ಉಕ್ಕಿನಲ್ಲಿಯೇ ಉಳಿಯುತ್ತದೆ. ಅಕ್ಕನ ಮನೆಯಲ್ಲಿ ಇದರಿಂದ ಬೈತಖೋಲ ಬಂದರಿನಿಂದ ತಂದ ಬಂಗಡೆಯನ್ನು ಸ್ವಚ್ಛ ಮಾಡಿ, ಬೇಕೆಂದೇ ತೊಳೆಯದೆ ಉಪ್ಪು ಸವರಿದ ತಟ್ಟೆಯಲ್ಲಿ ಮೂರು ದಿನ ಇಟ್ಟಿದ್ದೆವು. ನಾಲ್ಕನೆಯ ದಿನ ನಲ್ಲಿಯ ಕೆಳಗೆ ಹಿಡಿದಾಗ ಅಲಗು ಹೊಸದರಂತೆ ಹೊಳೆಯಿತು, ಕೀಲಿನ ಸುತ್ತ ಕೂಡ ಒಂದು ಕೆಂಪು ಚುಕ್ಕಿ ಇರಲಿಲ್ಲ. ನೈಲಾನ್ ಹಿಡಿಗೆ ಮರದ ಚೆಲುವಿಲ್ಲ, ಐದರಲ್ಲಿ ಅತಿ ದುಬಾರಿಯೂ ಇದೇ. ದೋಣಿಯಲ್ಲಿ ಬಲೆಯ ಹಗ್ಗ ಕೊಯ್ಯುವವರಿಗೂ ಗಾಳ ಹಾಕಲು ಹೋಗುವವರಿಗೂ ಅದು ದಂಡದ ಖರ್ಚಲ್ಲ.

ಈಗ ಬಹಳ ಮಂದಿ ಮೊದಲು ಕೊಳ್ಳುವ, ಹಿಡಿಯ ಒಳಪದರವೇ ಪಕ್ಕಕ್ಕೆ ಚಿಮ್ಮಿ ಅಲಗಿಗೆ ಆತುಕೊಳ್ಳುವ ಬೀಗದ ಬಗ್ಗೆ ಹೇಳಬೇಕು. ಮೈಕಲ್ ವಾಕರ್ ಎಂಬ ಅಮೆರಿಕದ ಕುಶಲಿ 1980ರ ದಶಕದಲ್ಲಿ ಅದನ್ನು ಇಂದಿನ ರೂಪಕ್ಕೆ ತಂದನು. ತತ್ತ್ವ ಬಹಳ ಸೊಗಸಾದದ್ದು, ಆದರೆ ಆ ಪದರದ ತುದಿಯೂ ಅಲಗಿನ ಬುಡವೂ ಸರಿಯಾದ ಕೋನದಲ್ಲಿ ಹೊಂದಿ ಕೂರಬೇಕು, ಅಗ್ಗದ ತಯಾರಿಕೆಯಲ್ಲಿ ಕೈಕೊಡುವುದು ಅಲ್ಲಿಯೇ. ನಾಲ್ಕು ವರ್ಷಗಳ ಹಿಂದೆ ಹೆಸರಿಲ್ಲದ ಇಂಥದ್ದೊಂದನ್ನು ಆನ್‌ಲೈನಿನಲ್ಲಿ ಕೊಂಡು, ಅಡಿಕೆ ಗೊನೆಗೆ ಕಟ್ಟಿದ ನಾರಿನ ಹಗ್ಗವನ್ನು ಕೊಯ್ಯುತ್ತಿದ್ದಾಗ ಬೀಗ ಜಾರಿ ಅಲಗು ನನ್ನ ತೋರುಬೆರಳಿನ ಮೇಲೆ ಮಡಚಿಕೊಂಡಿತು. ನಾಲ್ಕು ಹೊಲಿಗೆ ಬಿದ್ದವು, ಆ ಬೆರಳಿನ ತುದಿಯಲ್ಲಿ ಇಂದಿಗೂ ಸ್ಪರ್ಶ ಮಂದವಾಗಿದೆ. ಗುಜರಿಗೆ ಹಾಕಿದ ಚಾಕು ಅದೇ. ಆಮೇಲೆ ನೋಡಿದರೆ ಪದರದ ತುದಿಯಲ್ಲಿ ಒಂದು ಮೂಲೆ ಮಾತ್ರ ಅಲಗಿಗೆ ತಾಗುತ್ತಿತ್ತು. ಅಂದಿನಿಂದ ಬೀಗವಿರುವ ಯಾವ ಚಾಕು ಬಂದರೂ, ಅಲಗನ್ನು ಪೂರ್ತಿ ಬಿಚ್ಚಿ, ಬೆರಳುಗಳು ಅಲಗಿನ ದಾರಿಯಲ್ಲಿ ಇರದಂತೆ ಹಿಡಿಯನ್ನು ಬದಿಗಳಿಂದ ಹಿಡಿದು, ಅಲಗಿನ ಬೆನ್ನನ್ನು ಮರದ ಮಣೆಗೆ ಹತ್ತು ಸಲ ಹಗುರವಾಗಿ ತಟ್ಟಿ ನೋಡುತ್ತೇನೆ. ಒಂದೇ ಒಂದು ಸಲ ಬೀಗ ಜಾರಿದರೂ ಅದನ್ನು ಹಿಂದಿರುಗಿಸಬೇಕು. ಈ ಬಗೆಯ ನಂಬಲರ್ಹವಾದದ್ದು ಸಿಗುವವರೆಗೆ ಸಂಗ್ರಹದಲ್ಲಿ ಅದರ ಜಾಗವನ್ನು ಖಾಲಿ ಬಿಡುವುದೇ ಮೇಲೆಂದು ನನ್ನ ತೀರ್ಮಾನ.

ಐದನೆಯದು ನನ್ನ ಮೊದಲ ನಿಯಮಕ್ಕೆ ಹೊರತಾದದ್ದು. ಅದು ಕಸಿ ಚಾಕು. ಕೀಲಿನ ವಿಷಯದಲ್ಲಿ ಅದು ವಿಕ್ಟೋರಿನಾಕ್ಸಿನಂತೆಯೇ ಬೆನ್ನುಸ್ಪ್ರಿಂಗಿನದು, ಹೊಸದೇನೂ ಇಲ್ಲ. ಉಳಿಸಿಕೊಂಡದ್ದು ಅಲಗಿನ ಬಾಯಿಗಾಗಿ. ಮಿಕ್ಕ ಚಾಕುಗಳನ್ನು ಎರಡು ಬದಿಯಿಂದಲೂ ಮಸೆದಿದ್ದರೆ, ಕಸಿ ಚಾಕುವಿಗೆ ಒಂದೇ ಬದಿಯ ಇಳಿಜಾರು, ಇನ್ನೊಂದು ಬದಿ ಕನ್ನಡಿಯಂತೆ ಸಪಾಟು. ಎರಡೂ ಬದಿಗೆ ಇಳಿಜಾರಿರುವ ಅಲಗು ಕೊಂಬೆಯೊಳಗೆ ಬಾಗುತ್ತ ಹೋಗಿ ತಗ್ಗುದಿಣ್ಣೆಯ ಕೊಯ್ತ ಉಂಟುಮಾಡಿದರೆ, ಸಪಾಟು ಬದಿ ನೇರವಾಗಿ ಸಾಗಿ ಒಂದೇ ಎಳೆತಕ್ಕೆ ಸಮತಟ್ಟಾದ ಗಾಯ ಮಾಡುತ್ತದೆ. ಬೇರುಗಿಡದ ಮತ್ತು ಕಸಿಕಡ್ಡಿಯ ತೊಗಟೆಯ ಒಳಗಿನ ಹಸಿರು ಪದರಗಳು ಎಡೆಯಿಲ್ಲದೆ ಕೂಡಿಕೊಂಡರೆ ಮಾತ್ರ ಕಸಿ ಹತ್ತುತ್ತದೆ. ಹಿಪ್ಪಲಿಯ ಬೇರಿನ ಮೇಲೆ ಕಾಳುಮೆಣಸಿನ ಕಸಿ ಕಟ್ಟುವವರೂ ಮಾವು, ಜಾಯಿಕಾಯಿ ಕಸಿ ಮಾಡುವವರೂ ನಮ್ಮ ಕಡೆ ಸಾಕಷ್ಟಿರುವುದರಿಂದ, ಈ ಚಾಕುವಿನ ಗುಣದೋಷ ಹೇಳಬಲ್ಲ ಕೈಗಳು ಊರೂರಲ್ಲಿಯೂ ಇವೆ. ಕೊಳ್ಳುವ ಮೊದಲು ಅಂಥವರೊಬ್ಬರ ಬಳಿ ಹೋಗಿ ಕಸಿಕಡ್ಡಿ ಚೂಪು ಮಾಡುವುದನ್ನು ನೋಡಬೇಕು. ಎಡಗೈಯವರು ಕೊಳ್ಳುವಾಗ ಇಳಿಜಾರು ಯಾವ ಬದಿಗಿದೆಯೆಂದು ಗಮನಿಸಬೇಕು, ಬಲಗೈಯವರ ಚಾಕು ಅವರಿಗೆ ನೇರವಾಗಿ ಕೊಯ್ಯುವುದಿಲ್ಲ. ಮಸೆಯುವಾಗ ಸಪಾಟು ಬದಿಯನ್ನು ಕಲ್ಲಿನಿಂದ ಎಂದೂ ಎತ್ತಬಾರದು.

ಕಾನೂನಿನ ವಿಷಯದಲ್ಲಿ ಎರಡು ಮಾತು. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು ಬರುತ್ತವೆ, ಮನೆಬಳಕೆಗೆ, ಕೃಷಿಗೆ, ವಿಜ್ಞಾನಕ್ಕೆ ಮತ್ತು ಕೈಗಾರಿಕೆಗೆಂದು ತಯಾರಾದವು ಅದಕ್ಕೆ ಹೊರತು. ಮೇಲಿನ ಐದೂ ಆ ಅಳತೆಗಿಂತ ಬಹಳ ಚಿಕ್ಕವು. ಆದರೂ ಮಾರಿಕಾಂಬೆಯ ಜಾತ್ರೆಯ ಜನಸಂದಣಿಗೆ ಚಾಕು ಕಿಸೆಯಲ್ಲಿಟ್ಟುಕೊಂಡು ಹೋಗುವ ಅಗತ್ಯ ಯಾರಿಗೂ ಇಲ್ಲ. ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ವಿಮಾನ ಹತ್ತುವವರು ಕೈಚೀಲದಿಂದ ತೆಗೆದು ದೊಡ್ಡ ಪೆಟ್ಟಿಗೆಗೆ ಹಾಕಲು ಮರೆಯಬಾರದು. ಕೀಲಿಗೊಂಚಲಿಗೆ ಸಿಕ್ಕಿಸಿದ ಪುಟ್ಟ ಚಾಕುವೂ ತಪಾಸಣೆಯಲ್ಲಿ ಸಿಕ್ಕಿ ಕೈಬಿಟ್ಟುಹೋಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಕೊಳ್ಳುವುದು ಬೇಡ. ಒಪಿನೆಲ್ ಮತ್ತು ಸಾವಿರ ಗ್ರಿಟ್ಟಿನ, ಅಂದರೆ ಮಧ್ಯಮ ನಯದ, ಒಂದು ಮಸೆಯುವ ಕಲ್ಲು, ಇಷ್ಟರಿಂದ ಆರಂಭಿಸಿ ಆರು ತಿಂಗಳು ಅದನ್ನೇ ಬಳಸಿ, ಇಪ್ಪತ್ತು ಡಿಗ್ರಿಯ ಕೋನದಲ್ಲಿ ಕೈ ಅಲುಗದಂತೆ ಮಸೆಯುವುದನ್ನು ಕಲಿತ ಮೇಲೆ ಎರಡನೆಯದಕ್ಕೆ ಹಣ ತೆಗೆಯಿರಿ. ಒಪಿನೆಲ್‌ನ ಅಲಗಿನ ಮೇಲೆ ಕಿರೀಟ ತೊಟ್ಟ ಕೈಯ ಗುರುತು, ವಿಕ್ಟೋರಿನಾಕ್ಸಿನ ಅಲಗಿನ ಬುಡದಲ್ಲಿ ಕಂಪನಿಯ ಹೆಸರು ಆಳವಾಗಿ, ಅಂಚು ಒಡೆಯದೆ ಮೂಡಿದೆಯೇ ಎಂದು ನೋಡಿ. ಇಬ್ಬರ ಹೆಸರಿನಲ್ಲಿಯೂ ನಕಲಿ ಮಾಲು ಮಾರಾಟಕ್ಕಿದೆ. ಈ ವರ್ಷ ಮೇ ಕೊನೆಯ ವಾರದಲ್ಲಿ ನಾನು ಐದನ್ನೂ ಬಿಚ್ಚಿ, ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಬಿಟ್ಟು, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ, ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವ ಕಾಲ ಬಂದಾಗ ಎಲ್ಲಕ್ಕಿಂತ ಮೊದಲು ಕೆಳಗಿಳಿಯುವುದು ಒಪಿನೆಲ್.